ಒಂದೂ ಟ್ರೈ ಇಲ್ಲದೆ ವಿಶ್ವಕಪ್ ಗೆದ್ದದ್ದು ಹೇಗೆ?

ಪ್ರಶ್ನೆ: 2025ರ ಜೂನ್‌ನಲ್ಲಿ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಪಂದ್ಯಗಳನ್ನು ನೋಡಿ ರಗ್ಬಿಯ ಹುಚ್ಚು ಹತ್ತಿತು ಸರ್. ಆಮೇಲೆ 2023ರ ವಿಶ್ವಕಪ್ ಫೈನಲ್‌ನ ಪೂರ್ತಿ ರೆಕಾರ್ಡಿಂಗ್ ನೋಡಿದೆ. ನ್ಯೂಜಿಲೆಂಡ್ ಒಂದು ಟ್ರೈ (ಎದುರಾಳಿಯ ಗೋಲ್ ಗೆರೆಯಾಚೆ ಚೆಂಡು ಊರುವುದು) ಹೊಡೆಯಿತು, ದಕ್ಷಿಣ ಆಫ್ರಿಕಾ ಒಂದೂ ಹೊಡೆಯಲಿಲ್ಲ. ಆದರೂ 12–11ರಿಂದ ಗೆದ್ದದ್ದು ದಕ್ಷಿಣ ಆಫ್ರಿಕಾ. ನಾಯಕನಿಗೆ ಕೆಂಪು ಕಾರ್ಡ್ ಕೊಟ್ಟದ್ದರಿಂದ ನ್ಯೂಜಿಲೆಂಡ್ ಸೋತಿತು ಅಂತ ಕೆಲವರು, ಒಂದು ಟ್ರೈ ರದ್ದಾದದ್ದರಿಂದ ಅಂತ ಇನ್ನು ಕೆಲವರು ಹೇಳುತ್ತಾರೆ. ನಿಜವಾಗಿ ಪಂದ್ಯ ಕೈತಪ್ಪಿದ್ದು ಎಲ್ಲಿ?

ಉತ್ತರ: ನಿಮ್ಮ ಗೊಂದಲಕ್ಕೆ ಅರ್ಧ ಕಾರಣ ನೀವು ಮೊದಲು ನೋಡಿದ ಆಟ. ರಗ್ಬಿ ಪ್ರೀಮಿಯರ್ ಲೀಗ್ ಏಳು ಜನರ ಸೆವೆನ್ಸ್. ಅಲ್ಲಿ ಮೈದಾನ ಖಾಲಿ ಖಾಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಟ್ರೈ. ಎದುರಾಳಿಯ ತಪ್ಪಿಗೆ ಪೆನಾಲ್ಟಿ ಸಿಕ್ಕಿದರೆ ಗೋಲ್ ಕಂಬಗಳತ್ತ ಒದೆಯುವವರೇ ಅಪರೂಪ. ಚೆಂಡನ್ನು ಕಾಲಿಗೆ ತಾಗಿಸಿ ಓಡುತ್ತಾರೆ. ಹದಿನೈದು ಜನರ ರಗ್ಬಿ ಯೂನಿಯನ್‌ನ ಫೈನಲ್‌ಗೆ ಆ ಲೆಕ್ಕ ಹೊಂದುವುದಿಲ್ಲ. ಟ್ರೈಗೆ 5 ಅಂಕ, ಅದರ ಬೆನ್ನಿಗೆ ಕಂಬಗಳ ನಡುವೆ ಒದೆಯುವ ಕನ್ವರ್ಷನ್‌ಗೆ 2, ಪೆನಾಲ್ಟಿ ಕಿಕ್‌ಗೆ 3, ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದಾಗ ಒದೆಯುವ ಡ್ರಾಪ್ ಗೋಲ್‌ಗೂ 3. ಹದಿನೈದು ಜನ ಸಾಲುಗಟ್ಟಿ ಕಾಯುವಾಗ ಗೆರೆ ದಾಟುವುದು ಸುಲಭವಲ್ಲ. ಆದ್ದರಿಂದ ಎದುರಾಳಿ ತನ್ನ ಅಂಗಳದಲ್ಲಿ ತಪ್ಪು ಮಾಡುವಂತೆ ಒತ್ತಡ ಹಾಕಿ ಮೂರು ಮೂರು ಅಂಕ ಕೂಡಿಸುತ್ತಾರೆ. ದಕ್ಷಿಣ ಆಫ್ರಿಕಾಗೆ ಇದು ಹೊಸದೇನಲ್ಲ. 1995ರಲ್ಲಿ ನ್ಯೂಜಿಲೆಂಡ್ ವಿರುದ್ಧ 15–12, 2007ರಲ್ಲಿ ಇಂಗ್ಲೆಂಡ್ ವಿರುದ್ಧ 15–6. ಆ ಎರಡು ಫೈನಲ್‌ಗಳನ್ನೂ ಅವರು ಟ್ರೈ ಇಲ್ಲದೆಯೇ ಗೆದ್ದರು. ಗೆದ್ದ ನಾಲ್ಕು ವಿಶ್ವಕಪ್‌ಗಳಲ್ಲಿ 2019ರದರಲ್ಲಿ ಮಾತ್ರ ಫೈನಲ್‌ನಲ್ಲಿ ಟ್ರೈ ಬಂತು. 2023ರಲ್ಲಿ ಬೋಡನ್ ಬ್ಯಾರೆಟ್ ಹೊಡೆದ ಟ್ರೈ, ವಿಶ್ವಕಪ್ ಫೈನಲ್‌ಗಳಲ್ಲಿ ಅವರು ಬಿಟ್ಟುಕೊಟ್ಟ ಮೊದಲ ಟ್ರೈ.

ಪ್ಯಾರಿಸ್ ಪಕ್ಕದ ಸ್ಟಾಡ್ ದ ಫ್ರಾನ್ಸ್‌ನಲ್ಲಿ, 2023ರ ಅಕ್ಟೋಬರ್ 28ರ ರಾತ್ರಿ, ಮಳೆಯಲ್ಲಿ ನಡೆದ ಆ ಪಂದ್ಯದ ಅಂಕಗಳನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. 3ನೇ ನಿಮಿಷ, ಹಾಂಡ್ರೆ ಪೊಲಾರ್ಡ್ ಪೆನಾಲ್ಟಿ, 3–0. 13ನೇ ನಿಮಿಷ, ಮತ್ತೆ ಪೊಲಾರ್ಡ್, 6–0. 17ರಲ್ಲಿ ನ್ಯೂಜಿಲೆಂಡ್‌ನ ರಿಚಿ ಮೊವುಂಗಾ, 6–3. 19ರಲ್ಲಿ ಪೊಲಾರ್ಡ್, 9–3. 34ರಲ್ಲಿ ಪೊಲಾರ್ಡ್, 12–3. 38ರಲ್ಲಿ ಮೊವುಂಗಾ, 12–6. ವಿರಾಮದ ನಂತರ ಒಂದೇ ಒಂದು ಅಂಕಗಳಿಕೆ: 58ನೇ ನಿಮಿಷದಲ್ಲಿ ಬ್ಯಾರೆಟ್ ಟ್ರೈ, 12–11. ದ್ವಿತೀಯಾರ್ಧದಲ್ಲಿ ದಕ್ಷಿಣ ಆಫ್ರಿಕಾ ಗಳಿಸಿದ್ದು ಸೊನ್ನೆ.

ಈಗ ಅದೇ ಕಾಗದದಲ್ಲಿ ಪಕ್ಕಕ್ಕೆ ಕಾರ್ಡ್‌ಗಳನ್ನು ಬರೆಯಿರಿ. ಆರಂಭದಲ್ಲೇ ನ್ಯೂಜಿಲೆಂಡ್‌ನ ಶಾನನ್ ಫ್ರಿಜೆಲ್‌ಗೆ ಹಳದಿ, ಹತ್ತು ನಿಮಿಷ ಹೊರಗೆ. 28ರ ಸುಮಾರಿಗೆ ನಾಯಕ ಸ್ಯಾಮ್ ಕೇನ್‌ಗೆ ಹಳದಿ. ಕೆಲವೇ ನಿಮಿಷಗಳಲ್ಲಿ ಅದು ಕೆಂಪಾಯಿತು, ಅವರು ಮತ್ತೆ ಬರಲಿಲ್ಲ. 45ರ ಸುಮಾರಿಗೆ ದಕ್ಷಿಣ ಆಫ್ರಿಕಾದ ನಾಯಕ ಸಿಯಾ ಕೊಲಿಸಿಗೆ ಹಳದಿ. 73ರಲ್ಲಿ ಚೆಸ್ಲಿನ್ ಕೋಲ್ಬೆಗೆ ಹಳದಿ.

ಎರಡು ಸಾಲುಗಳನ್ನೂ ಜೋಡಿಸಿ ನೋಡಿ. ಕೇನ್ ಹೋದ ಮೇಲೆ ದಕ್ಷಿಣ ಆಫ್ರಿಕಾಗೆ ಒಬ್ಬ ಆಟಗಾರ ಹೆಚ್ಚಿದ್ದದ್ದು ಸುಮಾರು 28ರಿಂದ 45 ಮತ್ತು 55ರಿಂದ 73ರವರೆಗೆ, ಒಟ್ಟು 35 ನಿಮಿಷ. ಉಳಿದ ಹೊತ್ತು ಎರಡೂ ಕಡೆ ಹದಿನಾಲ್ಕೇ ಜನ. ಆ 35 ನಿಮಿಷಗಳಲ್ಲಿ ದಕ್ಷಿಣ ಆಫ್ರಿಕಾ ಗಳಿಸಿದ್ದು 3 ಅಂಕ, ನ್ಯೂಜಿಲೆಂಡ್ ಗಳಿಸಿದ್ದು 8! ಒಬ್ಬ ಕಡಿಮೆ ಇದ್ದ ತಂಡವೇ ಆ ಹೊತ್ತಿನಲ್ಲಿ ಮೇಲುಗೈ ಸಾಧಿಸಿತ್ತು. ಕೆಂಪು ಕಾರ್ಡೇ ಪಂದ್ಯ ಮುಗಿಸಿತು ಎನ್ನುವವರ ಮಾತಿಗೆ ಈ ಅಂಕಪಟ್ಟಿ ಸಾಕ್ಷಿ ಹೇಳುವುದಿಲ್ಲ. ನ್ಯೂಜಿಲೆಂಡ್‌ಗೆ ಪೆಟ್ಟು ಬಿದ್ದದ್ದು ಅದಕ್ಕೂ ಮೊದಲು, ಹದಿನೈದು ಜನರೂ ಇದ್ದಾಗ ಮತ್ತು ಫ್ರಿಜೆಲ್ ಹೊರಗಿದ್ದಾಗ. 19ನೇ ನಿಮಿಷಕ್ಕೇ ಒಂಬತ್ತು ಅಂಕ ಹೋಗಿತ್ತು.

ಹಾಗೆಂದು ಒಬ್ಬ ಕಡಿಮೆಯಾದರೆ ಏನೂ ಆಗುವುದಿಲ್ಲ ಎಂದಲ್ಲ. ಕೇನ್ ಏಳನೇ ನಂಬರಿನ ಫ್ಲಾಂಕರ್. ಟ್ಯಾಕಲ್ ಆದ ತಕ್ಷಣ ನೆಲಕ್ಕೆ ಬಿದ್ದವನ ಮೇಲೆ ಬಾಗಿ ಚೆಂಡು ಕಸಿಯುವುದು ಆ ಸ್ಥಾನದ ಮುಖ್ಯ ಕೆಲಸ. ಅವನಿಲ್ಲದಿದ್ದರೆ ಆ ಕೆಲಸ ಹಂಚಿಹೋಗುತ್ತದೆ, ದಣಿವು ಬೇಗ ಹತ್ತುತ್ತದೆ. ಎರಡೂ ಕಡೆಯವರು ಹೆಗಲು ಕೊಟ್ಟು ಚೆಂಡಿಗಾಗಿ ತಳ್ಳಾಡುವ ಸ್ಕ್ರಮ್‌ಗೂ ತೊಂದರೆ. ಒಬ್ಬ ಕಡಿಮೆ ಇರುವ ತಂಡ ಎಂಟರ ಬದಲು ಏಳು ಜನರಿಂದ ಸ್ಕ್ರಮ್ ಕಟ್ಟಬಹುದು, ಆದರೆ ಎದುರಿನವರು ಎಂಟು ಜನರಿಂದಲೇ ತಳ್ಳಬಹುದು. ಏಳನ್ನು ಎಂಟು ಮಾಡಲು ಹಿಂದಿನ ಸಾಲಿನಿಂದ ಒಬ್ಬನನ್ನು ಕರೆದರೆ ಬದಿಯಲ್ಲಿ ಜಾಗ ಬಿಟ್ಟಂತಾಗುತ್ತದೆ. ನಮ್ಮ ಕಬಡ್ಡಿಯಲ್ಲಿ ಔಟಾದವನು ಎದುರಾಳಿಯನ್ನು ಹಿಡಿದಾಗ ವಾಪಸ್ ಬರುತ್ತಾನೆ. 2023ರ ಆ ಪಂದ್ಯದಲ್ಲಿ ಕೆಂಪು ಕಾರ್ಡ್ ಆದವನು ಹೋದದ್ದು ಹೋದಂತೆಯೇ, ಅವನ ಜಾಗ ಕೊನೆಯವರೆಗೂ ಖಾಲಿ. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಕೆಂಪು ಕಾರ್ಡ್ ಕಂಡವರಲ್ಲಿ ಕೇನ್ ಮೊದಲಿಗರು. ಮಹಿಳೆಯರ ಫೈನಲ್‌ನಲ್ಲಿ ಅದಕ್ಕೂ ಮೊದಲೇ ಹೀಗಾಗಿತ್ತು: 2022ರ ನವೆಂಬರ್‌ನಲ್ಲಿ ಆಕ್ಲೆಂಡ್‌ನ ಈಡನ್ ಪಾರ್ಕ್‌ನಲ್ಲಿ ಇಂಗ್ಲೆಂಡ್‌ನ ಲಿಡಿಯಾ ಥಾಂಪ್ಸನ್ 18ನೇ ನಿಮಿಷಕ್ಕೇ ಹೊರಬಿದ್ದರು. ಹದಿನಾಲ್ಕು ಜನರಲ್ಲಿ ಒಂದು ಗಂಟೆಗೂ ಹೆಚ್ಚು ಆಡಿದ ಇಂಗ್ಲೆಂಡ್ ಸೋತದ್ದು 34–31ರಿಂದ, ಮೂರೇ ಅಂಕದಿಂದ. ಸಮಯ ಸಿಕ್ಕಿದರೆ ಆ ಪಂದ್ಯವನ್ನೂ ನೋಡಿ. ಅದರಷ್ಟು ರೋಚಕ ಫೈನಲ್‌ಗಳು ಕಡಿಮೆ.

ಒಬ್ಬ ನಾಯಕನಿಗೆ ಕೆಂಪು, ಇನ್ನೊಬ್ಬ ನಾಯಕನಿಗೆ ಹಳದಿ ಯಾಕೆ ಎನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಅದಕ್ಕೊಂದು ಕ್ರಮವಿದೆ. ತಲೆಗೆ ಏಟು ಬಿದ್ದಿದೆಯೇ? ಅದು ತಪ್ಪು ಆಟವೇ? ಅಪಾಯದ ಮಟ್ಟ ಎಷ್ಟು? ಶಿಕ್ಷೆ ತಗ್ಗಿಸುವ ಕಾರಣ ಏನಾದರೂ ಇದೆಯೇ, ಅಂದರೆ ಚೆಂಡು ಹಿಡಿದವನು ಕಡೇ ಗಳಿಗೆಯಲ್ಲಿ ಥಟ್ಟನೆ ಬಾಗಿದನೇ? ರೆಫರಿ ಎರಡೂ ಮುಂಗೈಗಳನ್ನು ಅಡ್ಡ ಹಿಡಿದು ಗುಣಾಕಾರದ ಚಿಹ್ನೆ ತೋರಿಸಿದರೆ ಪ್ರಕರಣ ಬಂಕರ್‌ಗೆ ಹೋಯಿತೆಂದು ಅರ್ಥ. ಆಟಗಾರ ಹಳದಿ ಪಡೆದು ಹೊರಗೆ ಕೂರುತ್ತಾನೆ, ಪಂದ್ಯ ನಿಲ್ಲುವುದಿಲ್ಲ, ಎಂಟು ನಿಮಿಷದೊಳಗೆ ಇನ್ನೊಬ್ಬ ಅಧಿಕಾರಿ ವಿಡಿಯೊ ನೋಡಿ ಹಳದಿ ಉಳಿಸಬೇಕೋ ಕೆಂಪಾಗಿಸಬೇಕೋ ನಿರ್ಧರಿಸುತ್ತಾರೆ. ಕೇನ್ ಪ್ರಕರಣದಲ್ಲಿ ಅವರು ನೆಟ್ಟಗೆ ನಿಂತೇ ಇದ್ದರು, ಭುಜ ನೇರ ಜೆಸ್ಸಿ ಕ್ರೀಲ್ ತಲೆಗೆ ಹೋಯಿತು, ಕ್ರೀಲ್ ಥಟ್ಟನೆ ಬಾಗಿರಲಿಲ್ಲ. ತಗ್ಗಿಸಲು ಕಾರಣವೇ ಇರಲಿಲ್ಲ. ಕೊಲಿಸಿ ಮತ್ತು ನ್ಯೂಜಿಲೆಂಡ್‌ನ ಆರ್ಡಿ ಸವೆಯಾ ತಲೆಗಳು ತಾಗಿದ್ದು ನಿಜ, ಆದರೆ ಅಪಾಯದ ಮಟ್ಟ ಅಷ್ಟಿರಲಿಲ್ಲವೆಂದು ಹಳದಿಯೇ ಉಳಿಯಿತು. ಎರಡೂ ದೃಶ್ಯಗಳನ್ನು ನಿಧಾನಗತಿಯಲ್ಲಿ ಅಲ್ಲ, ಮಾಮೂಲು ವೇಗದಲ್ಲಿ ನೋಡಿ. ನಿಧಾನಗತಿಯಲ್ಲಿ ಎಲ್ಲ ಏಟೂ ಒಂದೇ ಥರ ಕಾಣುತ್ತದೆ, ಬಲದ ಅಂದಾಜು ಸಿಗುವುದಿಲ್ಲ.

ರದ್ದಾದ ಟ್ರೈ ವಿಷಯದಲ್ಲಿ ಮಾತ್ರ ನ್ಯೂಜಿಲೆಂಡ್‌ನವರ ಅಸಮಾಧಾನಕ್ಕೆ ಆಧಾರವಿದೆ. 54ನೇ ನಿಮಿಷದಲ್ಲಿ, ಕೊಲಿಸಿ ಹೊರಗಿದ್ದಾಗ, ಆರನ್ ಸ್ಮಿತ್ ಗೆರೆ ದಾಟಿ ಚೆಂಡು ಊರಿದರು. ಆದರೆ ಆ ದಾಳಿ ಶುರುವಾದ ಲೈನ್‌ಔಟ್‌ನಲ್ಲಿ (ಹೊರಹೋದ ಚೆಂಡನ್ನು ಬದಿಗೆರೆಯಿಂದ ಒಳಗೆಸೆಯುವುದು) ಸವೆಯಾ ಕೈಯಿಂದ ಚೆಂಡು ಮುಂದಕ್ಕೆ ಜಾರಿತ್ತು ಎಂದು ಟಿವಿ ಅಧಿಕಾರಿ ತಿಳಿಸಿದರು, ರೆಫರಿ ವೇನ್ ಬಾರ್ನ್ಸ್ ಟ್ರೈ ರದ್ದು ಮಾಡಿದರು. ಹೀಗೆ ಚೆಂಡು ಮುಂದಕ್ಕೆ ಜಾರುವ ನಾಕ್‌ಆನ್ ಆದದ್ದು ವಿಡಿಯೊದಲ್ಲಿ ಕಾಣುತ್ತದೆ. ತೊಡಕು ಬೇರೆ ಕಡೆ ಇದೆ. ಆಗಿನ ನಿಯಮಾವಳಿಯ ಪ್ರಕಾರ ನಾಕ್‌ಆನ್ ಹುಡುಕಲು ಟಿವಿ ಅಧಿಕಾರಿ ಟ್ರೈಗೆ ಮುಂಚಿನ ಎರಡು ಹಂತಗಳವರೆಗೆ ಮಾತ್ರ ಹಿಂದೆ ಹೋಗಬಹುದಿತ್ತು. ಹಂತ ಅಂದರೆ ಒಂದು ಟ್ಯಾಕಲ್ ಆಗಿ, ನೆಲದ ಚೆಂಡಿನ ಮೇಲೆ ಎರಡೂ ಕಡೆಯವರು ತಳ್ಳಾಡುವ ರಕ್ ಕಟ್ಟಿ ಚೆಂಡು ಮತ್ತೆ ಹೊರಬರುವವರೆಗಿನ ಆಟ. ಈ ಲೈನ್‌ಔಟ್ ಅದಕ್ಕಿಂತ ಹಿಂದಿನದು. ಹೀಗಾಗಿ ತಪ್ಪು ನಡೆದದ್ದೂ ಸತ್ಯ, ಅದನ್ನು ಹುಡುಕಿ ತೆಗೆಯುವ ಅಧಿಕಾರ ಮೀರಿದ್ದೂ ಸತ್ಯ. ಆದರೆ ಇದಕ್ಕಾಗಿ ಬಾರ್ನ್ಸ್ ಮತ್ತು ಟಿವಿ ಅಧಿಕಾರಿ ಟಾಮ್ ಫೋಲಿ ಅನುಭವಿಸಿದ ನಿಂದನೆ, ಬೆದರಿಕೆ ಯಾವ ಲೆಕ್ಕದಲ್ಲೂ ಸರಿಯಲ್ಲ. 111 ಅಂತರರಾಷ್ಟ್ರೀಯ ಪಂದ್ಯಗಳ ದಾಖಲೆಯ ಬಾರ್ನ್ಸ್ ಆ ಫೈನಲ್ ಬಳಿಕ ನಿವೃತ್ತರಾದರು. ಫೋಲಿ ಅಂತರರಾಷ್ಟ್ರೀಯ ಪಂದ್ಯಗಳಿಂದ ದೂರ ಸರಿದರು. ಪಂದ್ಯ ಸೋತ ಸಿಟ್ಟನ್ನು ಒಬ್ಬರ ಮನೆಮಂದಿಯ ಮೇಲೆ ತೀರಿಸಿಕೊಳ್ಳುವುದು ಅನ್ಯಾಯ.

ಆ ಟ್ರೈ ಹೋದ ನಾಲ್ಕೇ ನಿಮಿಷಕ್ಕೆ ಇನ್ನೊಂದು ಬಂತು ಎನ್ನುವುದನ್ನು ಮರೆಯಬೇಡಿ. ಎಡಬದಿಯಲ್ಲಿ ಮಾರ್ಕ್ ಟೆಲಿಯಾ ಹಿಡಿತಗಳಿಂದ ಕೊಸರಿಕೊಂಡು ಚೆಂಡು ದಾಟಿಸಿದರು, ಬೋಡನ್ ಬ್ಯಾರೆಟ್ ಅದನ್ನು ಹೆಕ್ಕಿ ಗೆರೆಯಾಚೆ ಬಿದ್ದರು. 2015ರ ಫೈನಲ್‌ನಲ್ಲೂ ಟ್ರೈ ಹೊಡೆದಿದ್ದ ಅವರು ಎರಡು ವಿಶ್ವಕಪ್ ಫೈನಲ್‌ಗಳಲ್ಲಿ ಟ್ರೈ ಹೊಡೆದ ಮೊದಲಿಗರು. ಕನ್ವರ್ಷನ್ ಒಳಗೆ ಹೋಗಿದ್ದರೆ 13–12, ನ್ಯೂಜಿಲೆಂಡ್ ಮುಂದೆ. ಮೊವುಂಗಾ ಒದ್ದದ್ದು ಹೊರಗೆ ಹೋಯಿತು.

ಅಷ್ಟು ದೊಡ್ಡ ಕಿಕ್ಕರ್ ಎರಡಂಕದ ಕಿಕ್ ತಪ್ಪಿಸಿದ್ದು ಹೇಗೆ ಎಂದು ಕೇಳುವವರಿಗೆ ಒಂದು ಲೆಕ್ಕ ಮಾಡಿ ತೋರಿಸಬೇಕು. ಕನ್ವರ್ಷನ್ ಎಲ್ಲಿಂದ ಬೇಕಾದರೂ ಒದೆಯುವಂತಿಲ್ಲ. ಟ್ರೈ ಊರಿದ ಜಾಗದಿಂದ ಬದಿಗೆರೆಗೆ ಸಮಾನಾಂತರವಾಗಿ ಒಂದು ಗೆರೆ ಎಳೆದುಕೊಂಡು, ಆ ಗೆರೆಯ ಮೇಲೆ ಎಷ್ಟು ಹಿಂದೆ ಬೇಕಾದರೂ ಹೋಗಬಹುದು, ಅಷ್ಟೇ. ಕಂಬಗಳ ನಡುವೆ ಅಂತರ 5.6 ಮೀಟರ್, ಅಡ್ಡಪಟ್ಟಿಯ ಎತ್ತರ 3 ಮೀಟರ್. ಮೈದಾನದ ಅಗಲ 70 ಮೀಟರ್ ಎಂದಿಟ್ಟುಕೊಳ್ಳಿ. ಬದಿಗೆರೆಯಿಂದ 5 ಮೀಟರ್ ಒಳಗೆ ಟ್ರೈ ಆದರೆ ಚೆಂಡು ಕಂಬಗಳ ನಡುಬಿಂದುವಿನಿಂದ 30 ಮೀಟರ್ ಪಕ್ಕಕ್ಕಿರುತ್ತದೆ. ಹತ್ತಿರ ನಿಂತರೆ ಎರಡು ಕಂಬಗಳೂ ಒಂದರ ಹಿಂದೆ ಒಂದು ಅಡಗಿದಂತೆ ಕಾಣುತ್ತವೆ. ಹಿಂದೆ ಹೋದಂತೆ ಬಾಗಿಲು ತೆರೆದುಕೊಳ್ಳುತ್ತದೆ, ತೀರಾ ಹಿಂದೆ ಹೋದರೆ ದೂರದಿಂದಾಗಿ ಮತ್ತೆ ಕಿರಿದಾಗುತ್ತದೆ. ಈ ಉದಾಹರಣೆಯಲ್ಲಿ ಅತಿ ಅಗಲವಾಗಿ ಕಾಣುವುದು ಸುಮಾರು 30 ಮೀಟರ್ ಹಿಂದೆ ನಿಂತಾಗ. ಆಗಲೂ ಸಿಗುವ ಕೋನ 5.4 ಡಿಗ್ರಿ ಮಾತ್ರ, ಚೆಂಡು ಸಾಗಬೇಕಾದ ದೂರ 42 ಮೀಟರ್. ಅದೇ ಕಂಬಗಳ ನೇರಕ್ಕೆ ಟ್ರೈ ಆಗಿ 30 ಮೀಟರ್ ಹಿಂದೆ ನಿಂತರೆ 10.7 ಡಿಗ್ರಿ, ಹೆಚ್ಚುಕಡಿಮೆ ಎರಡರಷ್ಟು. ಕಂಬಗಳ ನೇರಕ್ಕೆ 49 ಮೀಟರ್ ದೂರದ ಪೆನಾಲ್ಟಿಗೂ 6.5 ಡಿಗ್ರಿ ಸಿಗುತ್ತದೆ. ಅಂದರೆ ಮೂಲೆಯ ಕನ್ವರ್ಷನ್, ಅರ್ಧ ಮೈದಾನದಿಂದ ನೇರ ಒದೆಯುವ ಪೆನಾಲ್ಟಿಗಿಂತಲೂ ಇಕ್ಕಟ್ಟಿನದು. ಅದರ ಮೇಲೆ ಮಳೆ ನೀರು ಕುಡಿದ ಹುಲ್ಲು, ಊರುವ ಕಾಲು ಒಂದು ಬೆರಳಷ್ಟು ಜಾರಿದರೂ ಚೆಂಡಿನ ದಾರಿ ಬದಲು. ಟ್ರೈ ಹೊಡೆಯುವವರು ಗೆರೆ ದಾಟಿದ ಮೇಲೂ ಜಾಗವಿದ್ದರೆ ಕಂಬಗಳ ಕಡೆಗೆ ಬಾಗಿ ಓಡುವುದು ಇದಕ್ಕೇ. ಸುಮ್ಮನೆ ಬೀಗುತ್ತಿದ್ದಾರೆಂದು ತಿಳಿಯಬೇಡಿ.

ಇನ್ನೊಂದು ಅಂಶವಿದೆ. ಕಿಕ್ಕರ್ ಒದೆಯಲು ಹೆಜ್ಜೆ ತೆಗೆದ ಕ್ಷಣ ಎದುರು ತಂಡ ಗೋಲ್ ಗೆರೆಯಿಂದ ನುಗ್ಗಿ ಬಂದು ಕನ್ವರ್ಷನ್ ತಡೆಯಬಹುದು. ಪೆನಾಲ್ಟಿ ಕಿಕ್‌ಗೆ ಹಾಗೆ ಮಾಡುವಂತಿಲ್ಲ. ಎರಡು ವಾರಗಳ ಹಿಂದೆ ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್‌ನ ತೋಮಾ ರಾಮೋಸ್ ಒದ್ದ ಕನ್ವರ್ಷನ್‌ಗೆ ಕೋಲ್ಬೆ ಹೀಗೆಯೇ ಅಡ್ಡ ಬಿದ್ದಿದ್ದರು. ದಕ್ಷಿಣ ಆಫ್ರಿಕಾ ಗೆದ್ದದ್ದು 29–28ರಿಂದ. ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 16–15, ಕೊನೆಯ ನಿಮಿಷಗಳಲ್ಲಿ ಪೊಲಾರ್ಡ್ ಅರ್ಧ ಮೈದಾನದ ಹತ್ತಿರದಿಂದ ಒದ್ದ ಪೆನಾಲ್ಟಿಯಿಂದ. ಫೈನಲ್ 12–11. ಮೂರೂ ಒಂದೇ ಅಂಕದ ಗೆಲುವು, ಮೂರರಲ್ಲೂ ಕಿಕ್ ನಿರ್ಣಾಯಕ.

ನನ್ನ ದೃಷ್ಟಿಯಲ್ಲಿ ಈ ಫೈನಲ್‌ನ ಬೀಜ ಬಿದ್ದದ್ದು ಸೆಪ್ಟೆಂಬರ್‌ನಲ್ಲಿ. ದಕ್ಷಿಣ ಆಫ್ರಿಕಾದ ಹುಕರ್ (ಸ್ಕ್ರಮ್‌ನ ಮುಂಸಾಲಿನ ನಡುವಿನವನು) ಮಾಲ್ಕಮ್ ಮಾರ್ಕ್ಸ್ ಗಾಯಗೊಂಡು ಟೂರ್ನಿಯಿಂದ ಹೊರಬಿದ್ದಾಗ, ಬದಲಿಗೆ ಇನ್ನೊಬ್ಬ ಹುಕರ್‌ನನ್ನು ಕರೆಯುತ್ತಾರೆಂದು ಎಲ್ಲರ ಎಣಿಕೆ. ಅವರು ಕರೆದದ್ದು ಪೊಲಾರ್ಡ್‌ನನ್ನು. ಮೀನಖಂಡದ ಗಾಯದಿಂದಾಗಿ ಪೊಲಾರ್ಡ್ ಮೂಲ ತಂಡದಲ್ಲೇ ಇರಲಿಲ್ಲ. ಹತ್ತನೇ ನಂಬರಿನಲ್ಲಿ ಆಡುತ್ತಿದ್ದ ಮಾನಿ ಲಿಬೊಕ್ ಪಾಸ್‌ಗಳಲ್ಲಿ ಚುರುಕು, ಕಂಬದತ್ತ ಒದೆಯುವಾಗ ಅಷ್ಟು ನಂಬಿಕೆ ಸಾಲದು. ಐರ್ಲೆಂಡ್ ವಿರುದ್ಧದ ಲೀಗ್ ಪಂದ್ಯದಲ್ಲಿ ಲಿಬೊಕ್ ಮತ್ತು ಫಾಫ್ ಡಿ ಕ್ಲರ್ಕ್ ಸೇರಿ 11 ಅಂಕಗಳ ಕಿಕ್ ತಪ್ಪಿಸಿದರು, ತಂಡ 13–8ರಿಂದ ಸೋತಿತು. ಹುಕರ್ ಬಿಟ್ಟು ಕಿಕ್ಕರ್ ತಂದ ಆ ನಿರ್ಧಾರದ ಲಾಭ ನಷ್ಟ ಎರಡೂ ಫೈನಲ್‌ನಲ್ಲಿ ಲೆಕ್ಕಕ್ಕೆ ಬಂದವು. ಫ್ರಿಜೆಲ್ ಮೈಮೇಲೆ ಬಿದ್ದು ಬಾಂಗಿ ಎಂಬೊನಾಂಬಿ ಕಾಲು ಉಳುಕಿತು. ತಂಡದಲ್ಲಿ ಉಳಿದಿದ್ದ ಏಕೈಕ ಪರಿಣತ ಹುಕರ್ ಆರಂಭದಲ್ಲೇ ಹೊರಹೋದರು. ಬದಲಿಗೆ ಬಂದ ಡಿಯಾನ್ ಫೂರಿ ಆ ಹೊತ್ತಿಗೆ ಮುಖ್ಯವಾಗಿ ಫ್ಲಾಂಕರ್.

ಹುಕರ್ ಬದಲಾದರೆ ಏನಾಗುತ್ತದೆ ಎನ್ನುವುದನ್ನು ಲೈನ್‌ಔಟ್‌ನಲ್ಲಿ ನೋಡಿ. ಬದಿಗೆರೆಯಿಂದ ಚೆಂಡು ಎಸೆಯುವವನು ಹುಕರ್. ಎರಡು ಸಾಲುಗಳ ನಡುವೆ ಸರಿಯಾಗಿ ನೇರಕ್ಕೆ ಬೀಳಬೇಕು, 5 ಮೀಟರ್ ಗೆರೆಯನ್ನಾದರೂ ದಾಟಬೇಕು, ಇಬ್ಬರು ಎತ್ತಿ ಹಿಡಿದ ಜಿಗಿತಗಾರನ ಕೈ ಮೇಲ್ತುದಿಗೆ ಮುಟ್ಟುವ ಕ್ಷಣಕ್ಕೇ ಚೆಂಡೂ ಅಲ್ಲಿರಬೇಕು. ಅರ್ಧ ಸೆಕೆಂಡ್ ಬೇಗವಾದರೆ ತಲೆಮೇಲೆ ಹಾರಿಹೋಗುತ್ತದೆ, ತಡವಾದರೆ ಎದುರಾಳಿ ಕಸಿಯುತ್ತಾನೆ. ಒದ್ದೆ ಚೆಂಡು ಬೆರಳಲ್ಲಿ ನಿಲ್ಲುವುದಿಲ್ಲ. ಆ ರಾತ್ರಿ ದಕ್ಷಿಣ ಆಫ್ರಿಕಾದ ಲೈನ್‌ಔಟ್ ತಡವರಿಸಿತು, ಅವರ ಪ್ರಬಲ ಅಸ್ತ್ರವೇ ಮೊಂಡಾಯಿತು. ದ್ವಿತೀಯಾರ್ಧದ ಸೊನ್ನೆಗೆ ಇದೂ ಒಂದು ಕಾರಣ. ಇನ್ನೊಂದು ಕಡೆ ಪೊಲಾರ್ಡ್ ನಾಲ್ಕಕ್ಕೆ ನಾಲ್ಕು ಒಳಗೆ ಹಾಕಿದರು. ತಂಡದ ಹನ್ನೆರಡೂ ಅಂಕ ಅವರ ಕಾಲಿನವು. ನ್ಯೂಜಿಲೆಂಡ್ ಕಡೆಯಿಂದ ಮೊವುಂಗಾ ಎರಡು ಪೆನಾಲ್ಟಿ ಒಳಗೆ, ಕನ್ವರ್ಷನ್ ಹೊರಗೆ. 73ನೇ ನಿಮಿಷದಲ್ಲಿ ಜೋರ್ಡಿ ಬ್ಯಾರೆಟ್ ಸುಮಾರು 50 ಮೀಟರ್‌ನಿಂದ ಒದ್ದ ಪೆನಾಲ್ಟಿಯೂ ಹೊರಗೆ. ತಪ್ಪಿದ್ದು ಒಟ್ಟು 5 ಅಂಕ, ಸೋತದ್ದು ಒಂದರಿಂದ.

ಬೆಂಚಿನ ಆಯ್ಕೆಯಲ್ಲೂ ದಕ್ಷಿಣ ಆಫ್ರಿಕಾ ಇಂಥದೇ ಗಟ್ಟಿ ಜೂಜಾಡಿತ್ತು: ಎಂಟು ಬದಲಿ ಆಟಗಾರರಲ್ಲಿ ಸ್ಕ್ರಮ್ ಕಟ್ಟುವ ಫಾರ್ವರ್ಡ್‌ಗಳು ಏಳು, ಹಿಂದಿನ ಸಾಲಿನ ಬ್ಯಾಕ್ ಒಬ್ಬನೇ, ವಿಲ್ಲಿ ಲೆ ರೂ. ಸ್ಕ್ರಮ್‌ನಿಂದ ಚೆಂಡು ಎತ್ತಿ ಪಾಸ್ ಕೊಡುವ ಪರಿಣತ ಸ್ಕ್ರಮ್ ಹಾಫ್ ಬೆಂಚಿನಲ್ಲೇ ಇಲ್ಲ. ಆ ಸ್ಥಾನದಲ್ಲಿ ಆಡುತ್ತಿದ್ದ ಡಿ ಕ್ಲರ್ಕ್ ಕಾಲು ಉಳುಕಿದ್ದರೆ ಏನು ಗತಿ? ಹಾಗಾಗಲಿಲ್ಲ. ತಾಜಾ ಫಾರ್ವರ್ಡ್‌ಗಳು ಬಂದದ್ದರಿಂದ ಕೊನೆಯ ಇಪ್ಪತ್ತು ನಿಮಿಷ ಟ್ಯಾಕಲ್‌ಗಳು ಸಡಿಲವಾಗಲಿಲ್ಲ. ಪಂದ್ಯಶ್ರೇಷ್ಠ ಪೀಟರ್ ಸ್ಟೆಫ್ ಡು ಟೊಯ್ಟ್ ಒಬ್ಬರೇ 28 ಟ್ಯಾಕಲ್ ಮಾಡಿದರು. ರೆಕಾರ್ಡಿಂಗ್‌ನಲ್ಲಿ ಅವರೊಬ್ಬರನ್ನೇ ಹತ್ತು ನಿಮಿಷ ಹಿಂಬಾಲಿಸಿ ನೋಡಿ. ಬಿದ್ದ ತಕ್ಷಣ ಏಳುವ ವೇಗ ಗಮನಿಸಿ. ಟ್ಯಾಕಲ್‌ಗಿಂತ ಅದೇ ಕಷ್ಟದ ಕೆಲಸ.

ಕೋಲ್ಬೆಯ ಹಳದಿ ಕಾರ್ಡ್ ಬಗ್ಗೆಯೂ ಎರಡು ಮಾತು. ಎದುರಾಳಿಯ ಪಾಸ್‌ಗೆ ಕೈ ಚಾಚಿ ಚೆಂಡನ್ನು ಮುಂದಕ್ಕೆ ತಟ್ಟಿದರು. ಹಿಡಿಯುವ ಸಾಧ್ಯತೆ ನಿಜವಾಗಿ ಇತ್ತೇ ಎಂಬುದೇ ಇಲ್ಲಿ ಅಳತೆಗೋಲು. ಇಲ್ಲ ಎನಿಸಿದರೆ ಅದು ಬೇಕೆಂದೇ ಮಾಡಿದ ನಾಕ್‌ಆನ್, ಪೆನಾಲ್ಟಿ. ದಾಳಿ ಮುರಿದಿದ್ದರೆ ಹಳದಿಯೂ ಸೇರುತ್ತದೆ. ಜೋರ್ಡಿ ಬ್ಯಾರೆಟ್‌ಗೆ ಸಿಕ್ಕ ಪೆನಾಲ್ಟಿ ಇದರಿಂದಲೇ ಬಂದದ್ದು. ಹೊರಗೆ ಕುರ್ಚಿಯಲ್ಲಿ ಕೂತ ಕೋಲ್ಬೆ ಜೆರ್ಸಿಯನ್ನು ಮುಖದ ಮೇಲೆ ಎಳೆದುಕೊಂಡುಬಿಟ್ಟರು. ಅವರ ಹತ್ತು ನಿಮಿಷ ಮುಗಿಯುವ ಮೊದಲೇ ಪಂದ್ಯ ಮುಗಿದಿತ್ತು.

ಪಂದ್ಯವನ್ನು ಇನ್ನೊಮ್ಮೆ ನೋಡುವುದಾದರೆ ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಪ್ರತಿ ಪೆನಾಲ್ಟಿಗೂ ನಿಮಿಷ, ಜಾಗ, ಕಾರಣ, ನಾಯಕ ಏನು ಆರಿಸಿದ ಎಂದು ಬರೆಯಿರಿ. ಅವನ ಮುಂದೆ ನಾಲ್ಕು ದಾರಿ: ಕಂಬದತ್ತ ಒದೆಯುವುದು, ಬದಿಗೆರೆಯಾಚೆ ಒದ್ದು ಲೈನ್‌ಔಟ್ ಪಡೆಯುವುದು, ಸ್ಕ್ರಮ್, ಕಾಲಿಗೆ ತಾಗಿಸಿ ಓಡುವುದು. ಕಂಬದತ್ತ ಎಂದು ರೆಫರಿಗೆ ಹೇಳಿದ ಮೇಲೆ ಮಾತು ಬದಲಿಸುವಂತಿಲ್ಲ, 60 ಸೆಕೆಂಡಿನೊಳಗೆ ಒದೆಯಬೇಕು. ಜಾಗವನ್ನು ಮೂರಾಗಿ ವಿಂಗಡಿಸಿ: ಗೋಲ್ ಗೆರೆಯಿಂದ 22 ಮೀಟರ್‌ವರೆಗೆ, 22ರಿಂದ 40, ಅದರಾಚೆ. ಮೊದಲ ಎರಡು ವಲಯಗಳಲ್ಲಿ ತಪ್ಪು ಮಾಡಿದರೆ ಮೂರು ಅಂಕ ಕೈಯಾರೆ ಕೊಟ್ಟಂತೆ. ಮೂರನೆಯದರಲ್ಲಿ ಕಿಕ್ಕರ್ ಮೇಲೆ ನಿಂತಿದೆ. ಆಟ ಎಡಕ್ಕೋ ಬಲಕ್ಕೋ ಬಹಳ ಸರಿದಿದ್ದರೆ ಪಕ್ಕದಲ್ಲಿ ಒಂದು ಗುರುತು ಹಾಕಿ, ಆ ಕೋನದ ಲೆಕ್ಕ ಆಗ ಉಪಯೋಗಕ್ಕೆ ಬರುತ್ತದೆ. ಮೊದಲ 19 ನಿಮಿಷಗಳ ಪುಟವನ್ನು ಉಳಿದ ಪುಟಗಳ ಪಕ್ಕದಲ್ಲಿಟ್ಟು ಓದಿ. ನ್ಯೂಜಿಲೆಂಡ್ ಕೊನೆಯವರೆಗೂ ಬೆನ್ನಟ್ಟುತ್ತಿದ್ದ ಆ ಒಂಬತ್ತು ಅಂಕ ಯಾವ ಯಾವ ತಪ್ಪಿನಿಂದ ಹೋಯಿತೆಂದು ನಿಮ್ಮ ಕೈಬರಹದಲ್ಲೇ ಸಿಗುತ್ತದೆ.